ಶಿವಗಂಗಾ ಒರೆಸದೆ ಬಿಟ್ಟ ಹನ್ನೊಂದು ಚುಕ್ಕಿ

“ಬೊಮ್ಮಸಂದ್ರದಿಂದ ಏನೂ ಕಾಣಲ್ಲ ಮೇಡಂ” ಎಂದು ರಾಜೇಂದ್ರ ಫೋನಿನಲ್ಲಿ ಹೇಳುವಾಗ ಶಿವಗಂಗಾ ಬೊಮ್ಮಸಂದ್ರದ ಒಂದು ತಾರಸಿಯ ಮೇಲೆಯೇ ನಿಂತಿದ್ದಳು, ಮತ್ತು ಅವಳಿಗೆ ಕಾಣುತ್ತಿತ್ತು.

ಬಹಳವೇನೂ ಕಾಣುತ್ತಿರಲಿಲ್ಲ, ಒಪ್ಪಿಕೊಳ್ಳೋಣ. ಕಾರ್ಖಾನೆಗಳ ದೀಪ, ಹೆದ್ದಾರಿಯ ದೀಪ, ಮೆಟ್ರೊ ನಿಲ್ದಾಣದ ದೀಪ ಎಲ್ಲ ಸೇರಿ ಅಲ್ಲಿಯ ಆಕಾಶ ಕತ್ತಲಾದ ಮೇಲೂ ಅಕ್ಕಿ ತೊಳೆದ ನೀರಿನ ಬಣ್ಣದ್ದು. ಕತ್ತು ನೋಯುವಷ್ಟು ಹೊತ್ತು ನೋಡಿದರೆ ಮೂವತ್ತು ಚುಕ್ಕಿ ಎಣಿಸಬಹುದು. ಆದರೆ ಮೂವತ್ತು ಎಣಿಸಿದವಳಿಗೆ ಏನೂ ಕಾಣಲ್ಲ ಅಂದರೆ ಹೇಗೆ? ಶಿವಗಂಗಾಗೆ ಸಿಟ್ಟು ಬಂತು. ಅವಳ ಸಿಟ್ಟು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೋದದ್ದೂ ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಹೋಗುವುದೇ ಇಲ್ಲ.

ರಾಜೇಂದ್ರ ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ಕೆಲಸ, ಅಲ್ಲಿಯದೇ ಒಂದು ಹವ್ಯಾಸಿ ಖಗೋಳ ಬಳಗದ ಕಾರ್ಯದರ್ಶಿ. ಬಳಗಕ್ಕೆ ಸೇರಬಹುದೇ ಎಂದು ಕೇಳಲು ಶಿವಗಂಗಾನೇ ಅವನಿಗೆ ಫೋನು ಮಾಡಿದ್ದಳು. ಅಮಾವಾಸ್ಯೆಯ ಹತ್ತಿರದ ಶನಿವಾರ ಬಳಗದವರು ಕಾರುಗಳಲ್ಲಿ ನಾಲ್ಕು ತಾಸು ದೂರ ಹೋಗಿ, ದೀಪವಿಲ್ಲದ ಬಯಲಿನಲ್ಲಿ ದೂರದರ್ಶಕ ಇಟ್ಟು ಫೋಟೊ ತೆಗೆದು ಬರುತ್ತಾರೆ. “ನೀವೂ ಬನ್ನಿ” ಎಂದೂ ಕರೆದ. ಶನಿವಾರ ಶಿವಗಂಗಾಗೆ ಡ್ಯೂಟಿ. ಭಾನುವಾರವೂ ಎಷ್ಟೋ ಸಲ ಬೆಳಗಿನ ಪಾಳಿ. ಊರೆಲ್ಲ ಬೆಳಕಾಗಿ ಈಗ ಕತ್ತಲೆಯೂ ಕಾರಿದ್ದವರ ಪಾಲಾಗಿದೆ ನೋಡಿ.

“ನಾನಿರೂದು ಇಲ್ಲೇರಿ ಸಾರ್. ಆಕಾಶನೂ ಇಲ್ಲೇ ಐತಿ” ಎಂದು ಹೇಳಿ ಅವಳು ಫೋನಿಟ್ಟಳು.

ಶಿವಗಂಗಾ ಬಾಗಲಕೋಟೆ ಕಡೆಯವಳು. ಗಂಡ ಸಿದ್ರಾಮನ ಜೊತೆ ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಸಿದ್ರಾಮ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವೆಲ್ಡರ್. ಇವಳು ಇಂಜೆಕ್ಷನ್ ಔಷಧ ತಯಾರಿಸುವ ಕಾರ್ಖಾನೆಯಲ್ಲಿ ಶೀಶೆ ನೋಡುವವಳು. ಹಾಗೆಂದರೆ ಎಷ್ಟು ಜನರಿಗೆ ಅರ್ಥವಾಗುತ್ತದೋ ಕಾಣೆ. ಹೆಬ್ಬೆರಳಿನ ಗಾತ್ರದ ಗಾಜಿನ ಶೀಶೆ, ಒಳಗೆ ನೀರಿನಂಥ ಔಷಧ. ಅದರಲ್ಲಿ ಕೂದಲೆಳೆಯಷ್ಟು ನಾರು, ಧೂಳಿನಷ್ಟು ಗಾಜಿನ ಚೂರು ಇದ್ದರೂ ಅದು ಯಾರದೋ ರಕ್ತನಾಳಕ್ಕೆ ಹೋಗುತ್ತದೆ. ಆದ್ದರಿಂದ ಪ್ರತಿ ಶೀಶೆಯನ್ನೂ ದೀಪದ ಕೆಳಗೆ ಹಿಡಿದು, ಕಪ್ಪು ಹಲಗೆಯ ಮುಂದೆ ಐದು ಸೆಕೆಂಡು, ಬಿಳಿ ಹಲಗೆಯ ಮುಂದೆ ಐದು ಸೆಕೆಂಡು ನೋಡಬೇಕು. ಬಿಳಿ ಕಣ ಕಪ್ಪಿನ ಮುಂದೆ ಸಿಕ್ಕಿಬೀಳುತ್ತದೆ, ಕರಿ ಕಣ ಬಿಳಿಯ ಮುಂದೆ. ಸಿಕ್ಕಿಬಿದ್ದದ್ದು ರಿಜೆಕ್ಟ್ ಟ್ರೇಗೆ. ಹನ್ನೊಂದು ವರ್ಷದಿಂದ ಶಿವಗಂಗಾ ಈ ಕೆಲಸ ಮಾಡುತ್ತಿದ್ದಾಳೆ. ವರ್ಷವರ್ಷವೂ ಕಂಪನಿಯವರು ಬೇಕೆಂದೇ ಕೆಟ್ಟ ಶೀಶೆಗಳನ್ನು ಬೆರೆಸಿ ಪರೀಕ್ಷೆ ಇಡುತ್ತಾರೆ. ಒಂದು ವರ್ಷವೂ ಅವಳ ಕಣ್ಣಿನಿಂದ ಒಂದು ಕಣ ತಪ್ಪಿಸಿಕೊಂಡಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿತೆಂದು ಸಿದ್ರಾಮ ಮದುವೆಯಾದಾಗಿನಿಂದ ಒಮ್ಮೆಯೂ ಹೇಳಿಲ್ಲ, ಪಾಪ, ಹೇಳಲು ಅವಕಾಶವೇ ಸಿಕ್ಕಿಲ್ಲ.

ದೂರದರ್ಶಕ ಅವಳ ಪಾಲಿಗೆ ಬಂದದ್ದು ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಬಾಲಾಜಿಯಿಂದ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುತ್ತಿದ್ದ ಆ ಹುಡುಗ ಒಂದು ಸಂಜೆ ಬಟ್ಟೆ ಒಣಹಾಕಲು ಬಂದ ಅವಳಿಗೆ ಶನಿಗ್ರಹದ ಬಳೆ ತೋರಿಸಿದ. ಅವಳು ಒಂದು ಕ್ಷಣ ನೋಡಿ, “ಬಳಿ ನಡುವ ಒಂದು ಕರಿ ಗೀರೈತಲ್ರಿ” ಅಂದಳು. ಬಾಲಾಜಿಗೆ ಆ ಗೀರು ಕಾಣಲು ಎರಡು ವರ್ಷ ಬೇಕಾಗಿತ್ತಂತೆ. ಅವನು ಕೆಲಸ ಬದಲಿಸಿ ಪುಣೆಗೆ ಹೊರಟಾಗ, “ಅಕ್ಕ, ಇದು ನಿಮ್ ಕೈಲೇ ಇರ್ಲಿ” ಎಂದು ದೂರದರ್ಶಕ, ಕ್ಯಾಮೆರಾ, ನಕ್ಷತ್ರದ ಜೊತೆಜೊತೆಗೆ ತಿರುಗುವ ಯಂತ್ರ, ಹಳೆಯ ಲ್ಯಾಪ್‌ಟಾಪು ಎಲ್ಲವನ್ನೂ ಅವಳಿಗೇ ಮಾರಿದ. ಸಿದ್ರಾಮ ಬೈಕು ಬದಲಿಸುವ ಮಾತನ್ನು ಎರಡು ವರ್ಷ ಮುಂದಕ್ಕೆ ಹಾಕಿದ. ಅಷ್ಟೇ ಅಲ್ಲ, ಗಾಳಿಗೆ ಅಲುಗದ ಹಾಗೆ ಒಂದು ಕಬ್ಬಿಣದ ಕಂಬವನ್ನು ತಾನೇ ಬೆಸುಗೆ ಹಾಕಿ ತಂದು ತಾರಸಿಯಲ್ಲಿ ನಿಲ್ಲಿಸಿದ.

ಆ ಸಾಮಾನುಗಳ ನಡುವೆ ಒಂದು ಪುಟ್ಟ ಡಬ್ಬಿಯಲ್ಲಿ ಇತ್ತು ಫಿಲ್ಟರ್, ಬಿಸ್ಕತ್ತಿನ ಗಾತ್ರದ ಗಾಜು. ಬಾಲಾಜಿ ಅದರ ಮಹಿಮೆಯನ್ನು ಬಿಡಿಸಿ ಹೇಳಿ ಹೋಗಿದ್ದ. ಆಕಾಶದಲ್ಲಿ ಹೈಡ್ರೋಜನ್ ಅನಿಲದ ದೊಡ್ಡ ದೊಡ್ಡ ಮೋಡಗಳಿವೆ, ನೀಹಾರಿಕೆ ಅನ್ನುತ್ತಾರೆ. ಒಳಗಿರುವ ಎಳೆಯ ನಕ್ಷತ್ರಗಳು ಆ ಅನಿಲವನ್ನು ಕೆಣಕಿ ಕೆಣಕಿ ಅದು ತಾನೇ ಬೆಳಗುತ್ತದೆ, ಅದೂ ತನ್ನದೇ ಆದ ಒಂದು ಕೆಂಪಿನಲ್ಲಿ. ಬೀದಿದೀಪದ ಬೆಳಕೋ, ಎಲ್ಲ ಬಣ್ಣಗಳ ಕಲಸುಮೇಲೋಗರ. ಫಿಲ್ಟರ್ ಆ ಒಂದು ಕೆಂಪನ್ನು ಮಾತ್ರ ಒಳಗೆ ಬಿಡುತ್ತದೆ. ಮಿಕ್ಕ ಬೆಳಕನ್ನೆಲ್ಲ ಐಡಿ ಕಾರ್ಡ್ ಇಲ್ಲದವರನ್ನು ಸೆಕ್ಯೂರಿಟಿಯವನು ನಿಲ್ಲಿಸುವ ಹಾಗೆ ಗೇಟಿನಲ್ಲೇ ನಿಲ್ಲಿಸಿಬಿಡುತ್ತದೆ. ಹಾಗಾದ ಮೇಲೆ ಊರಿನಲ್ಲಿ ಎಷ್ಟು ದೀಪ ಉರಿದರೇನು? ರಾಜೇಂದ್ರನ ಮಾತು ಸುಳ್ಳೆಂದು ತೋರಿಸಲು ಶಿವಗಂಗಾಗೆ ಇದ್ದ ಆಯುಧ ಇದೊಂದೇ.

ಜನವರಿಯಿಂದ ಅವಳು ಶುರುವಿಟ್ಟಳು. ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ, ಅಡಿಗೆ ಮಾಡಿಟ್ಟು, ಏಳೂವರೆಗೆ ತಾರಸಿ ಹತ್ತಿದರೆ ಹತ್ತೂವರೆಗೆ ಇಳಿಯುವುದು. ಅವಳು ಆರಿಸಿಕೊಂಡದ್ದು ಗುಲಾಬಿಯ ಆಕಾರದ ಒಂದು ನೀಹಾರಿಕೆ. ಚಳಿಗಾಲದಲ್ಲಿ ಅದು ಊಟದ ಹೊತ್ತಿಗೆ ನೆತ್ತಿಯ ಹತ್ತಿರ ಬರುತ್ತದೆ. ಮೂರು ಮೂರು ನಿಮಿಷದ ಒಂದೊಂದು ಫೋಟೊ. ಅಂಥ ನೂರಾರನ್ನು ಒಂದರ ಮೇಲೊಂದು ಕೂಡಿಸಿದರೆ ಬರಿಗಣ್ಣಿಗೆ ಎಂದೂ ಕಾಣದ್ದು ನಿಧಾನವಾಗಿ ಮೇಲೆದ್ದು ಬರುತ್ತದೆ.

ಎರಡನೆಯ ವಾರವೇ ರಗಳೆ ಎದ್ದಿತು. ಮನೆಯ ಯಜಮಾನಿ ನಾಗಲಕ್ಷ್ಮಮ್ಮ ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ ತಾರಸಿಗೆ ಬಂದರು. ಅವರು ಈ ಊರಿನ ಮೂಲದವರು. ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಒಂದು ಗೋಡೌನಿದೆ, ಇವರಿಗೆ ಒಂಬತ್ತು ಬಾಡಿಗೆ ಮನೆಗಳಿವೆ.

“ಏನವ್ವಾ ಗಂಗಾ, ಎದುರ್ಮನೆಯೋರು ಬಂದಿದ್ರು. ನಮ್ ರೂಮ್ ಕಡೀಕೆ ಪಿರಂಗಿ ಇಟ್ಟವ್ರೆ ಅಂತ ಏಳ್ತಾವ್ರೆ.”

“ಅವರ ಮನ್ಯಾಗ ನೋಡಾಕ ಏನೈತ್ರಿ ಅಮ್ಮಾರ? ಇದು ಮ್ಯಾಲ ನೋಡತೈತಿ. ಬರ್ರಿ ಇಲ್ಲಿ.”

ಲ್ಯಾಪ್‌ಟಾಪಿನ ಪರದೆಯ ಮೇಲೆ ಅಷ್ಟು ದಿನ ಕೂಡಿಸಿದ್ದೆಲ್ಲ ಇತ್ತು. ನಡುವೆ ಖಾಲಿ, ಸುತ್ತ ದುಂಡಗೆ ಕೆಂಪು ಎಸಳು. ನಾಗಲಕ್ಷ್ಮಮ್ಮ ಕನ್ನಡಕ ಏರಿಸಿ ನೋಡಿದರು, ಮೇಲೆ ನೋಡಿದರು, ಮತ್ತೆ ಪರದೆ ನೋಡಿದರು.

“ಇದು ನಮ್ ಮಾಳಿಗೆ ಮೇಲೈತಾ?”

“ಹೌದ್ರಿ. ಈಗ ನಿಮ್ಮ ತಲಿ ಮ್ಯಾಲ ಐತಿ.”

“ನಾನ್ ಉಟ್ಟಾಗ್ಲಿಂದ ಇಲ್ಲೇ ಇವ್ನಿ. ಒಂದಿನಾನೂ ಕಾಣ್ನಿಲ್ವಲ್ಲವ್ವ!”

ಆ ದಿನದಿಂದ ತಾರಸಿಯ ದೀಪ ಸಂಜೆ ಹೊತ್ತು ಆರಿತು. ಎದುರು ಮನೆಯವರಿಗೆ ನಾಗಲಕ್ಷ್ಮಮ್ಮ ಏನು ಹೇಳಿದರೋ ಗೊತ್ತಿಲ್ಲ, ಅವರು ಮತ್ತೆ ಪಿರಂಗಿಯ ಮಾತೆತ್ತಲಿಲ್ಲ. ಬಾಡಿಗೆದಾರರಿಗೆಲ್ಲ ನಾಗಲಕ್ಷ್ಮಮ್ಮ “ನಮ್ ಮಾಳಿಗೆ ಮೇಲೆ ಒಂದು ಊವ್ ಐತೆ” ಎಂದು ಹೇಳಿಕೊಂಡು ತಿರುಗಿದರು.

ಹೂವೇನೋ ಇತ್ತು. ಆದರೆ ಹೂವಿನಲ್ಲಿ ಕಸವಿತ್ತು. ಬಲಗಡೆಯ ಎಸಳಿನ ಅಂಚಿನಲ್ಲಿ ಸಣ್ಣ ಸಣ್ಣ ಕರಿ ಚುಕ್ಕಿಗಳು, ಸಕ್ಕರೆ ಡಬ್ಬಿಗೆ ಹೊರಟ ಇರುವೆಗಳಂತೆ ಸಾಲಾಗಿ ಕೂತಿದ್ದವು. ಶಿವಗಂಗಾ ಎಣಿಸಿದಳು. ಹನ್ನೊಂದು. ಬೇರೆ ಯಾರಾದರೂ ಆಗಿದ್ದರೆ ಅವನ್ನು ಗಮನಿಸುತ್ತಲೇ ಇರಲಿಲ್ಲವೋ ಏನೋ. ಇವಳಿಗೆ ಊಟ ಸೇರಲಿಲ್ಲ. ದಿನಕ್ಕೆ ಸಾವಿರಾರು ಶೀಶೆಗಳಲ್ಲಿ ಕಣ ಹಿಡಿಯುವವಳ ಚಿತ್ರದಲ್ಲೇ ಹನ್ನೊಂದು ಕಣ! ಫಿಲ್ಟರ್ ಬಿಚ್ಚಿದಳು, ಗಾಳಿ ಊದಿದಳು, ಮೆತ್ತನೆಯ ಬಟ್ಟೆಯಿಂದ ಒರೆಸಿದಳು. ಮರುದಿನ ಮತ್ತೆ ಅದೇ ಜಾಗದಲ್ಲಿ ಹನ್ನೊಂದು. ಕ್ಯಾಮೆರಾದ ಒಳಗೂ ಊದಿದಳು. ಮತ್ತೂ ಹನ್ನೊಂದು. ಎಂಟು ಸಂಜೆ ಒರೆಸಿದಳು. ಒಂದೂ ಕದಲಲಿಲ್ಲ.

ಅದೇ ಹೊತ್ತಿಗೆ ರಾಜೇಂದ್ರನ ಬಳಗದಿಂದ ಒಂದು ಕರೆ ಬಂತು. ಫೆಬ್ರವರಿ ಕೊನೆಗೆ ಪಟ್ಟಂದೂರು ಅಗ್ರಹಾರದ ಒಂದು ಸಭಾಂಗಣದಲ್ಲಿ ಫೋಟೊ ಪ್ರದರ್ಶನ, ಯಾರು ಬೇಕಾದರೂ ಕಳಿಸಬಹುದು, ಒಳ್ಳೆಯದನ್ನು ಆರಿಸಿ ಗೋಡೆಗೆ ಹಾಕುತ್ತಾರೆ, ಕೆಳಗೆ ತೆಗೆದವರ ಹೆಸರು ಮತ್ತು ತೆಗೆದ ಜಾಗ. ತೆಗೆದ ಜಾಗ! ಆ ಎರಡು ಪದ ಓದಿದ ಮೇಲೆ ಶಿವಗಂಗಾಗೆ ಬೇರೇನೂ ಬೇಡವಾಯಿತು. ವೈಟ್‌ಫೀಲ್ಡ್ ಕಡೆಯ ಗೋಡೆಯ ಮೇಲೆ ‘ಬೊಮ್ಮಸಂದ್ರ’ ಎಂದು ಬರೆದಿರಬೇಕು, ಅದರ ಮೇಲೆ ಆ ಕೆಂಪು ಹೂವಿರಬೇಕು, ರಾಜೇಂದ್ರ ದಿನಾ ಅದರ ಮುಂದೆ ಹಾದುಹೋಗಬೇಕು. ಕಸವಿರುವ ಚಿತ್ರ ಕಳಿಸಲು ಮನಸ್ಸು ಒಪ್ಪಲಿಲ್ಲ. ಕಂಪ್ಯೂಟರಿನ ಕುಂಚದಿಂದ ಹನ್ನೊಂದು ಚುಕ್ಕಿಗಳನ್ನೂ ಒಂದೊಂದಾಗಿ ಒರೆಸಿ, ಸುತ್ತಲಿನ ಕೆಂಪನ್ನೇ ಅವುಗಳ ಮೇಲೆ ಎಳೆದು, ಕಳಿಸಿಬಿಟ್ಟಳು.

ಮೂರನೆಯ ದಿನ ರಾಜೇಂದ್ರನೇ ಫೋನು ಮಾಡಿದ. “ಮೇಡಂ, ಇದು ನಿಜವಾಗ್ಲೂ ಬೊಮ್ಮಸಂದ್ರದಿಂದಾನಾ? ಸಕ್ಕತ್ತಾಗಿದೆ. ಸೆಲೆಕ್ಟ್ ಆಗಿದೆ. ಪ್ರಿಂಟು, ಫ್ರೇಮು ಎಲ್ಲಾ ನಾವೇ ಮಾಡಿಸ್ತೀವಿ.” ಶಿವಗಂಗಾ ಆ ಸಂಜೆ ಗೋಧಿ ಹುಗ್ಗಿ ಮಾಡಿದಳು. ನಾಗಲಕ್ಷ್ಮಮ್ಮನವರಿಗೂ ಒಂದು ಬಟ್ಟಲು ಹೋಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಬರೆಯುವ ಕಷ್ಟ ತಪ್ಪುತ್ತಿತ್ತು. ಆದರೆ ಆ ಎಂಟು ಸಂಜೆಗಳಲ್ಲಿ ಒರೆಸಿ ಒರೆಸಿ ಅವಳ ಕಣ್ಣಿಗೆ ಎಲ್ಲೆಲ್ಲೂ ಕಸವೇ ಕಾಣುವ ರೋಗ ಅಂಟಿತ್ತು. ಕಾರ್ಖಾನೆಯಲ್ಲಿ ಅವಳ ರಿಜೆಕ್ಟ್ ಟ್ರೇ ಎಂದಿಗಿಂತ ಬೇಗ ತುಂಬತೊಡಗಿತು. ಸೂಪರ್‌ವೈಸರ್ ಶ್ಯಾಮಲಾ ಒಂದು ದಿನ ಆ ಟ್ರೇಯಿಂದ ಒಂದು ಶೀಶೆ ಎತ್ತಿ ತಂದಳು.

“ಗಂಗಾ, ಇದ್ಯಾಕೆ ಎಸೆದೆ?”

“ಕಣ ಐತ್ರಿ ಮೇಡಂ. ನೋಡ್ರಿ, ಕರ್ರಗ.”

“ತಿರುಗಿಸಿ ನೋಡಿದ್ಯಾ?”

ಶಿವಗಂಗಾ ಶೀಶೆಗೆ ಕೈ ಚಾಚಿದಳು. ತಿರುಗಿಸಿರಲಿಲ್ಲ. ಆ ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ ಅದು. ಶೀಶೆಯನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಬೇಕು. ಚುಕ್ಕಿ ಔಷಧದೊಳಗಿನದಾದರೆ ಶೀಶೆ ನಿಂತ ಮೇಲೂ ಔಷಧದ ಜೊತೆ ಸುತ್ತುತ್ತಲೇ ಇರುತ್ತದೆ. ಗಾಜಿನ ಹೊರಗಿನ ಗೀರಾದರೆ ಗಾಜಿನ ಜೊತೆಗೇ ನಿಂತುಬಿಡುತ್ತದೆ. ಶ್ಯಾಮಲಾ ತಿರುಗಿಸಿ ನಿಲ್ಲಿಸಿದಳು. ಚುಕ್ಕಿ ಗಾಜಿನ ಜೊತೆಗೇ ನಿಂತಿತು.

“ಕೆಟ್ಟದ್ದನ್ನ ಬಿಟ್ರೆ ರೋಗಿಗೆ ತೊಂದ್ರೆ, ಸರಿ. ಹಾಗಂತ ಒಳ್ಳೇದನ್ನ ಎಸೆಯೋದೂ ತಪ್ಪೇ ಕಣೇ. ಯಾವ್ದಕ್ಕೆ ಸೇರಿದ ಚುಕ್ಕಿ ಅಂತ ನೋಡ್ದೆ ಎಸೀಬೇಡ” ಎಂದು ಶ್ಯಾಮಲಾ ಹೋದಳು.

ಉಳಿದ ಪಾಳಿಯಿಡೀ ಶಿವಗಂಗಾಗೆ ಆ ಮಾತು ಒಳಗೆ ಕೊರೆಯುತ್ತಿತ್ತು. ಯಾವುದಕ್ಕೆ ಸೇರಿದ ಚುಕ್ಕಿ? ಎಂಟು ಸಂಜೆ ಒರೆಸಿದಳಲ್ಲ, ಒಂದು ಸಂಜೆಯಾದರೂ ಇದನ್ನು ಕೇಳಿಕೊಂಡಳೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಹನ್ನೊಂದು ವರ್ಷ ಅದೇ ಕೆಲಸ ಮಾಡಿದವಳು ತನ್ನ ಮನೆಯ ತಾರಸಿಯಲ್ಲಿ ಅದನ್ನೇ ಮರೆತಿದ್ದಳು.

ಆ ಸಂಜೆ ಮೊದಲು ಬಿಳಿ ಹಲಗೆಯ ಪರೀಕ್ಷೆ. ದೂರದರ್ಶಕದ ಬಾಯಿಗೆ ಬಿಳಿ ಪಂಚೆಯ ತುಂಡು ಕಟ್ಟಿ, ಅದರ ಮುಂದೆ ಬೆಳಕು ಹಿಡಿದು ಬರೀ ಬಿಳಿಯ ಫೋಟೊ ತೆಗೆದಳು. ಫಿಲ್ಟರಿನಲ್ಲೋ ಕ್ಯಾಮೆರಾದಲ್ಲೋ ಧೂಳಿದ್ದರೆ ಅದರಲ್ಲಿ ಎದ್ದು ಕಾಣಬೇಕು. ಎಲ್ಲೋ ಮೂಲೆಯಲ್ಲಿ ಒಂದು ಮಸುಕು ಬಿಟ್ಟರೆ ಏನೂ ಇಲ್ಲ. ಆಮೇಲೆ ತಿರುಗಿಸುವ ಪರೀಕ್ಷೆ. ಮೊದಲು ಕ್ಯಾಮೆರಾ ಎಂದಿನಂತೆ ಇಟ್ಟು ಒಂದು ತಾಸು ಹೂವಿನ ಫೋಟೊ. ನಂತರ ತಿರುಪು ಸಡಿಲಿಸಿ, ಫಿಲ್ಟರಿನ ಸಮೇತ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ತಾಸು. ಧೂಳು ಕ್ಯಾಮೆರಾದ್ದಾದರೆ ಫೋಟೊದಲ್ಲಿ ತನ್ನ ಹಳೆಯ ಜಾಗದಲ್ಲೇ ಕೂತಿರಬೇಕು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಹೂವು ಕಾಲು ಸುತ್ತು ತಿರುಗಿತ್ತು. ಹೂವಿನ ಜೊತೆ ಹನ್ನೊಂದು ಚುಕ್ಕಿಗಳೂ ತಿರುಗಿದ್ದವು. ಅದೇ ಎಸಳು, ಅದೇ ಅಂಚು, ಅದೇ ಸಾಲು. ಅವು ಆಕಾಶದವು.

ಶಿವಗಂಗಾ ನೀರಿನ ಟ್ಯಾಂಕಿಗೆ ಒರಗಿ ಕೂತುಬಿಟ್ಟಳು. ಬಾಲಾಜಿಗೆ ಫೋನು ಮಾಡಿ ಕೇಳಿದಾಗ ಅವನು ಹುಡುಕಿ ಹೇಳಿದ: ಅವು ದಟ್ಟ ಧೂಳು, ಅನಿಲದ ಉಂಡೆಗಳು ಅಕ್ಕ, ಹಿಂದಿನ ಬೆಳಕನ್ನು ತಡೆದು ಕರ್ರಗೆ ಕಾಣುತ್ತವೆ, ಅಂಥವುಗಳಲ್ಲಿ ಕೆಲವುಗಳ ಒಳಗೆ ಮುಂದೆ ನಕ್ಷತ್ರ ಹುಟ್ಟಬಹುದಂತೆ. ಒಂದೊಂದೂ ನಮ್ಮ ಸೂರ್ಯನ ಸಂಸಾರಕ್ಕಿಂತ ಎಷ್ಟೋ ದೊಡ್ಡದು. ಅವನ್ನೇ ಅವಳು ಬಟ್ಟೆಯಿಂದ ಉಜ್ಜಿದ್ದಳು. ನಾಚಿಕೆಯಾಯಿತು. ನೋಡದೆಯೇ ‘ಏನೂ ಇಲ್ಲ’ ಎಂದು ರಾಜೇಂದ್ರ ಬೊಮ್ಮಸಂದ್ರಕ್ಕೆ ಮಾಡಿದ್ದನ್ನು ತಾನು ಆ ಹನ್ನೊಂದಕ್ಕೆ ಮಾಡಿದೆನಲ್ಲ ಎಂದು ಅಳುವೇ ಬಂತು. ಆಮೇಲೆ ಎಂದಿನಂತೆ ಸಿಟ್ಟು ಬಂತು, ಈ ಸಲ ತನ್ನ ಮೇಲೆಯೇ. ಆ ಒರೆಸಿದ ಸುಳ್ಳು ತನ್ನ ಹೆಸರು ಹೊತ್ತು ಗೋಡೆ ಏರಬಾರದು.

ಮರುದಿನ ರಾಜೇಂದ್ರನಿಗೆ ಫೋನು ಮಾಡಿದರೆ, “ಫ್ರೇಮ್ ಆಗ್ಬಿಟ್ಟಿದೆ ಮೇಡಂ” ಎಂಬ ಒಂದೇ ಉತ್ತರ. ಅವಳು ವಾದಿಸಲಿಲ್ಲ. ಚಂದಾಪುರದ ಸ್ಟುಡಿಯೊದಲ್ಲಿ ಅದೇ ಅಳತೆಗೆ ಒರೆಸದ ಚಿತ್ರದ ಪ್ರಿಂಟು ಹಾಕಿಸಿದಳು. ಸಿದ್ರಾಮ ಫ್ರೇಮು ಮಾಡಿದ. ಪ್ರದರ್ಶನ ಶುರುವಾಗುವ ಶನಿವಾರ ಆ ವರ್ಷದ ಮೊದಲ ರಜೆ ಹಾಕಿ, ಫ್ರೇಮನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ, ಸಿಲ್ಕ್ ಬೋರ್ಡಿನಲ್ಲಿ ಬಸ್ಸು ಬದಲಿಸಿ, ಮಾರತ್ತಹಳ್ಳಿಯಲ್ಲಿ ಮತ್ತೊಮ್ಮೆ ಬದಲಿಸಿ, ಮೂರು ತಾಸು ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದಳು.

ಸಭಾಂಗಣದ ಬಾಗಿಲಲ್ಲೇ ಎಲ್ಲಕ್ಕಿಂತ ದೊಡ್ಡ ಚಿತ್ರವಿತ್ತು. ಅದೂ ಅದೇ ಗುಲಾಬಿ ನೀಹಾರಿಕೆ. ಕೆಳಗೆ ರಾಜೇಂದ್ರನ ಹೆಸರು. ಶಿವಗಂಗಾ ಅಭ್ಯಾಸಬಲದಿಂದ ಅದರ ಮುಂದೆ ಐದು ಸೆಕೆಂಡು ನಿಂತಳು. ಅವಳ ಕಣ್ಣು ಆ ಎಸಳಿನ ಅಂಚಿಗೆ ಹೋಯಿತು. ಅಲ್ಲಿ ಚುಕ್ಕಿಗಳಿರಲಿಲ್ಲ. ಅಲ್ಲಿ ಮಾತ್ರ ಕೆಂಪು ಅತಿಯಾಗಿ ನುಣುಪಾಗಿತ್ತು, ಅವಳು ತಾನೇ ಒರೆಸಿದಾಗ ಆದಷ್ಟೇ ನುಣುಪು. ಫ್ರೇಮು ಎತ್ತಿಕೊಂಡು ಒಳಗೆ ಹೋದಳು.

ಒಳಗಿನ ಗೋಡೆಯ ಮೇಲೆ ಅವಳ ಚಿತ್ರವಿತ್ತು. ಕೆಳಗೆ ಅಚ್ಚುಕಟ್ಟಾದ ಚೀಟಿ: ಶಿವಗಂಗಾ, ಬೊಮ್ಮಸಂದ್ರ. ಅವಳು ಕನಸಿನಲ್ಲಿ ಕಂಡ ಹಾಗೇ ಇತ್ತು.

“ಸಾರ್, ಅದನ್ನ ಇಳಿಸಿ ಇದನ್ನ ಹಾಕ್ರಿ” ಎಂದು ದುಪ್ಪಟಿ ಬಿಚ್ಚಿದಳು.

ರಾಜೇಂದ್ರ ನೋಡಿ ಹುಬ್ಬೇರಿಸಿದ. “ಮೇಡಂ, ಇದ್ರಲ್ಲಿ ಡಸ್ಟ್ ಇದೆಯಲ್ಲ. ಮೊದ್ಲು ಕಳಿಸಿದ್ದು ಕ್ಲೀನಾಗಿತ್ತು.”

“ಮೊದಲಿಂದು ಸುಳ್ಳೈತ್ರಿ. ನಾನ ಒರಸೀನಿ. ಇವು ಕ್ಯಾಮೆರಾದ ಧೂಳಲ್ರಿ, ಆಕಾಶದಾಗ ಅದಾವ.”

“ನೋಡಿ, ಬೇಜಾರ್ ಮಾಡ್ಕೋಬೇಡಿ. ಎಲ್ರೂ ಸ್ವಲ್ಪ ಒರೆಸ್ತಾರೆ, ತಪ್ಪೇನಿಲ್ಲ. ಇದನ್ನ ಹಾಕಿದ್ರೆ ಬಂದವ್ರು ನಗ್ತಾರೆ, ಇವ್ರಿಗೆ ಫಿಲ್ಟರ್ ಒರೆಸೋಕೂ ಬರಲ್ವಾ ಅಂತ. ಬೊಮ್ಮಸಂದ್ರದಿಂದ ಇಷ್ಟು ತೆಗ್ದಿರೋದೇ ದೊಡ್ದು, ಅದನ್ಯಾಕೆ ಕೆಡಿಸ್ಕೋತೀರ?”

ಅವಳು ಚೀಲದಿಂದ ಬಿಳಿಯ ಫೋಟೊ ತೆಗೆದಳು, ತಿರುಗಿಸಿ ತೆಗೆದ ಎರಡು ಫೋಟೊ ತೆಗೆದಳು. ರಾಜೇಂದ್ರ ಅವುಗಳ ಮೇಲೆ ಕಣ್ಣಾಡಿಸಿದ ಶಾಸ್ತ್ರ ಮಾಡಿ ಗಡಿಯಾರ ನೋಡಿಕೊಂಡ. “ಅರ್ಧ ಗಂಟೇಲಿ ಗೆಸ್ಟ್ ಬರ್ತಾರೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ನೀವು ನಿಂತ್ರೆ ನಾನೇನ್ ಮಾಡ್ಲಿ? ಹಳೇದು ಇದ್ರೆ ಇರ್ಲಿ. ಇಲ್ಲಾಂದ್ರೆ ಆ ಜಾಗ ಖಾಲಿ ಬಿಡ್ಬೇಕಾಗುತ್ತೆ.”

ಶಿವಗಂಗಾ ಚೀಟಿಯ ಕಡೆ ನೋಡಿದಳು. ಬೊಮ್ಮಸಂದ್ರ. ಸುಮ್ಮನೆ ಬಸ್ಸು ಹತ್ತಿ ಹೊರಟುಹೋದರೆ ಆ ಹೆಸರು ಅಲ್ಲೇ ಇರುತ್ತದೆ, ಎಲ್ಲರೂ ಹೊಗಳುತ್ತಾರೆ, ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಆಸೆಯಾಯಿತು, ಇಲ್ಲವೆನ್ನಲಾರೆ. ಆಮೇಲೆ ಅವಳು ಕಾಲೆತ್ತರಿಸಿ ನಿಂತು, ಎರಡೂ ಕೈಯಿಂದ ತನ್ನ ಚಿತ್ರವನ್ನು ಮೊಳೆಯಿಂದ ತೆಗೆದು, ಮುಖ ಗೋಡೆಗೆ ಮಾಡಿ ಕೆಳಗಿಟ್ಟಳು.

“ಖಾಲಿ ಇರಲಿ ಬಿಡ್ರಿ. ಸುಳ್ಳಿಗಿಂತ ಮೊಳಿ ಚಲೋ.”

ಸುತ್ತ ನಾಲ್ಕು ಜನ ತಿರುಗಿ ನೋಡಿದರು. ರಾಜೇಂದ್ರನ ಮುಖ ಕೆಂಪಾಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಬಾಗಿಲಿನ ದೊಡ್ಡ ಚಿತ್ರದ ಹತ್ತಿರ ಹೋಗಿ ಎಸಳಿನ ಅಂಚಿಗೆ ಬೆರಳು ತೋರಿಸಿದಳು.

“ಇದು ನಿಮ್ದಲ್ರೀ ಸಾರ್? ಇಲ್ಲಿ ಒರಸೀರಿ.”

“ನಾನು ಒರೆಸಿಲ್ಲ ಮೇಡಂ. ಸಾಫ್ಟ್‌ವೇರೇ ಡಸ್ಟ್ ನೋಡಿ ಕ್ಲೀನ್ ಮಾಡತ್ತೆ.”

“ಅದು ಒರಸೂಕಿಂತ ಮೊದಲಿಂದು ಐತೇನ್ರಿ?”

ಮೇಜಿನ ಮೇಲೆ ಅವನ ಲ್ಯಾಪ್‌ಟಾಪಿತ್ತು. ಇಲ್ಲವೆಂದು ಹೇಳಬಹುದಿತ್ತು, ಆದರೆ ನಾಲ್ಕು ಜನ ಈಗ ಹತ್ತು ಜನವಾಗಿದ್ದರು. ಹಳೆಯ ಕಡತ ತೆರೆದ. ನಾಲ್ಕು ತಾಸು ದೂರದ ಕತ್ತಲ ಬಯಲಿನಲ್ಲಿ, ಇವಳದಕ್ಕಿಂತ ಮೂರು ಪಟ್ಟು ದೊಡ್ಡ ದೂರದರ್ಶಕದಲ್ಲಿ ತೆಗೆದ ಒರೆಸದ ಗುಲಾಬಿ. ಬಲಗಡೆಯ ಎಸಳನ್ನು ದೊಡ್ಡದು ಮಾಡಿದ. ಅಂಚಿನಲ್ಲಿ ಇರುವೆ ಸಾಲಿತ್ತು. ಶಿವಗಂಗಾ ತನ್ನ ಫ್ರೇಮನ್ನು ತಂದು ಪರದೆಯ ಪಕ್ಕಕ್ಕೆ ಹಿಡಿದಳು. ಅವನ ಬೆರಳು ಒಂದೊಂದನ್ನೇ ಎಣಿಸುತ್ತ ಹೋಗಿ ಹನ್ನೊಂದಕ್ಕೆ ನಿಂತಿತು.

“ನನ್ನ ಧೂಳು ನಿಮ್ಮ ಕ್ಯಾಮೆರಾಕ್ಕ ಹೆಂಗ ಬಂತ್ರೀ ಸಾರ್?”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ರಾಜೇಂದ್ರ ಇನ್ನೊಮ್ಮೆ ಎಣಿಸಿದ. ಕೆಟ್ಟ ಮನುಷ್ಯನಲ್ಲ ಎಂದು ಹೇಳಿದೆನಲ್ಲ. ಅವನು ಎದ್ದು, ಅವಳ ಕೈಯಿಂದ ಫ್ರೇಮು ತೆಗೆದುಕೊಂಡು, ಖಾಲಿ ಮೊಳೆಗೆ ತಾನೇ ನೇತುಹಾಕಿ, ಓರೆಯಾಗಿದ್ದದ್ದನ್ನು ಎರಡು ಸಲ ಸರಿಮಾಡಿದ.

“ನಂದೂ ಇಳಿಸ್ಬೇಕಾ ಮೇಡಂ?” ಎಂದು ಮೆಲ್ಲಗೆ ಕೇಳಿದ.

“ಅದು ನಿಮ್ಮ ಕಣ್ಣಿಗೆ ಬಿಟ್ಟದ್ದರಿ” ಅಂದಳು ಅವಳು. ಅತಿಥಿಗಳು ಬರುವ ಹೊತ್ತಿಗೆ ದುಪ್ಪಟಿ ಮಡಚಿಕೊಂಡು ಮಾರತ್ತಹಳ್ಳಿಯ ಬಸ್ಸು ಹಿಡಿದಿದ್ದಳು.

ಭಾನುವಾರ ನಾಗಲಕ್ಷ್ಮಮ್ಮ ರೇಷ್ಮೆ ಸೀರೆ ಉಟ್ಟು ಹೊರಟರು. ನಮ್ ಮಾಳಿಗೆ ಊವನ್ನ ಅಷ್ಟು ದೂರದವರು ನೋಡುವಾಗ ನಾನು ನೋಡಬೇಡವೇ ಎಂಬುದು ಅವರ ನ್ಯಾಯ. ಸಿದ್ರಾಮ ಗೊತ್ತಿದ್ದವರ ಆಟೊ ಮಾಡಿದ. ಜೊತೆಗೆ ಹೊರಟ ಶಿವಗಂಗಾ ದಾರಿಯಲ್ಲಿ ಅವರಿಗೆ ಹನ್ನೊಂದು ಚುಕ್ಕಿಗಳ ಕಥೆ ಹೇಳಿದಳು. ಸಭಾಂಗಣದ ಬಾಗಿಲಲ್ಲಿ ದೊಡ್ಡ ಚಿತ್ರವಿರಲಿಲ್ಲ, ಬರೀ ಮೊಳೆಯಿತ್ತು. ಶಿವಗಂಗಾ ಆ ಮೊಳೆಯನ್ನು ನೋಡಿದಳು.

ಒಳಗೆ ಅವಳ ಚಿತ್ರದ ಮುಂದೆ ಇಸ್ತ್ರಿ ಮಾಡಿದ ಷರ್ಟಿನ ಒಬ್ಬರು ಹಿರಿಯರು ನಿಂತಿದ್ದರು. ಬಗ್ಗಿ ನೋಡಿದರು. ಕನ್ನಡಕ ತೆಗೆದು ನೋಡಿದರು. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಎಸಳಿನ ಅಂಚಿನ ಹತ್ತಿರ ಗಾಜನ್ನು ಒರೆಸಲು ಕೈ ಮುಂದೆ ಮಾಡಿದರು. ಶಿವಗಂಗಾ ಒಂದು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಮೊಣಕಾಲು ನೋವು ಮರೆತ ನಾಗಲಕ್ಷ್ಮಮ್ಮ ಹಿರಿಯರ ಮಣಿಕಟ್ಟನ್ನು ಹಿಡಿದಾಗಿತ್ತು.

“ತೆಗೀರಪ್ಪಾ ಕೈಯ. ಕೊಳೆ ಅಲ್ಲ ಅದು. ಬೊಮ್ಮಸಂದ್ರದಿಂದ ಅಂಗೇ ಕಾಣೋದು.”